ಋತುಮಾನ ಮತ್ತು ಗೃಹಸೌಖ್ಯ: ಬಳ್ಳಾರಿ ಸೀಮೆಯ ಒಂದು ಅವಲೋಕನ

ಬಳ್ಳಾರಿಗೆ ವರ್ಗವಾಗಿ ಬರುವ ನೌಕರನ ಕಿವಿಗೆ ಮೊದಲು ಬೀಳುವ ಮಾತೆಂದರೆ, ಈ ಊರಿನಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬುದು. ಈ ಪರಿಹಾಸವನ್ನು ಮೊದಲು ಆಡಿದವರು ಪರಸ್ಥಳದವರೇ ಇದ್ದಿರಬೇಕು. ಕಾಲಕ್ರಮದಲ್ಲಿ ಊರಿನವರೂ ಅದನ್ನು ತಮ್ಮದಾಗಿಸಿಕೊಂಡು, ಬೀಗರು ಬಂದಾಗ, ಪರೀಕ್ಷೆಯ ಮೇಲ್ವಿಚಾರಕರು ಬಂದಾಗ, ಒಂದು ತಂಬಿಗೆ ತಣ್ಣೀರಿನೊಡನೆ ಈ ಮಾತನ್ನೂ ಮುಂದಿಡುವುದು ರೂಢಿಯಾಗಿದೆ. ಪಂಚಾಂಗವೇನೋ ಎಲ್ಲ ಊರುಗಳಿಗೂ ಆರು ಋತುಗಳನ್ನು ಸಮನಾಗಿಯೇ ಹಂಚಿದೆ. ವಸಂತವು ಮೊದಲು, ಶಿಶಿರವು ಕೊನೆ. ಕಾಳಿದಾಸನು ಮಾತ್ರ ತನ್ನ 'ಋತುಸಂಹಾರ'ವನ್ನು ಗ್ರೀಷ್ಮದಿಂದ ಆರಂಭಿಸಿ ವಸಂತದಲ್ಲಿ ಮುಗಿಸಿದ್ದಾನೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಗೃಹಸ್ಥರಿಗೆ ಈ ಕ್ರಮವು ವಿಚಿತ್ರವೆನಿಸಲಾರದು.

ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿ ಬಿದ್ದಿರುವ ಸೀಮೆಯಿದು. ವರ್ಷದ ಮಳೆ 500 ಮಿಲಿಮೀಟರಿನ ಆಚೀಚೆ. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ, ಎಂದರೆ ಹುಬ್ಬೆ, ಉತ್ತರೆ, ಹಸ್ತ ಮಳೆಗಳ ಕಾಲದಲ್ಲಿ ಬೀಳತಕ್ಕದ್ದು. ಏಪ್ರಿಲ್-ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣವು 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ವಿಶೇಷವೇನಲ್ಲ. ನಗರದ ನಡುವೆ ಕೋಟೆಯನ್ನು ಹೊತ್ತು ನಿಂತ ಬಳ್ಳಾರಿ ಗುಡ್ಡ ಹಾಗೂ ಅದರ ಜೊತೆಯ ಕುಂಬಾರ ಗುಡ್ಡಗಳು ಹಗಲೆಲ್ಲ ಕಾದು, ಹೀರಿದ ಕಾವನ್ನು ಸಂಜೆ ಊರಿಗೇ ಹಿಂದಿರುಗಿಸುತ್ತವೆ. ಇಂತಹ ಸ್ಥಳದಲ್ಲಿ ಗೃಹಸೌಖ್ಯದ ಮಾತೆತ್ತುವುದು ಸಾಹಸವೆಂದು ತೋರಬಹುದು. ಆದರೂ ಇಲ್ಲಿನ ಮನೆಗಳ ದಿನಚರಿಯನ್ನು ವರ್ಷವಿಡೀ ಹಿಂಬಾಲಿಸಿದವರಿಗೆ ಒಂದು ಸಂಗತಿ ಕ್ರಮೇಣ ಗೋಚರಿಸುವುದು. ಈ ಸೀಮೆಯಲ್ಲಿ ಒಂದು ಋತುವಿನ ಸುಖವು ಬಹುಮಟ್ಟಿಗೆ ಅದಕ್ಕೆ ವಿರುದ್ಧವಾದ ಋತುವಿನಲ್ಲಿ ಸಿದ್ಧವಾಗುತ್ತದೆ. ಮಳೆಗಾಲದ ಬಾಯಿರುಚಿ ಬಿಸಿಲಿನಲ್ಲಿ ಒಣಗುತ್ತದೆ. ಚಳಿಗಾಲದ ಹೊದಿಕೆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಹೊಲಿಯಲ್ಪಡುತ್ತದೆ. ಬೇಸಿಗೆಯ ರಾತ್ರಿಯ ಹಾಸಿಗೆಯಾದ ಮಾಳಿಗೆ ಮಳೆಗೆ ಹೆದರಿ ಮೆತ್ತಿದ ಮಣ್ಣಿನದು. ಈ ಮಾತನ್ನು ತುಸು ವಿಸ್ತರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮಾಳಿಗೆಯಿಂದಲೇ ಆರಂಭಿಸುವುದು ಉಚಿತ. ಈ ಭಾಗದ ಹಳೆಯ ಮನೆಗಳಿಗೆ ಇಳಿಜಾರಿನ ಹಂಚಿಲ್ಲ. ಸಮತಟ್ಟಾದ ಮಣ್ಣಿನ ಮಾಳಿಗೆ. ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ-ಸೊಪ್ಪಿನ ಹಾಸು, ಎಲ್ಲದರ ಮೇಲೆ ಗೇಣುದ್ದ ಮಣ್ಣು. ಈ ಮಣ್ಣು ಎಲ್ಲೆಂದರಲ್ಲಿ ಅಗೆದು ತಂದದ್ದಲ್ಲ. ಚೌಳು ಮಣ್ಣೇ ಆಗಬೇಕು. ಬಿತ್ತಿದರೆ ಬೆಳೆಯದ, ಹುಲ್ಲೂ ಹುಟ್ಟದ, ಬಿಳಿ ಉಪ್ಪು ಮೇಲೆದ್ದ ಈ ಮಣ್ಣನ್ನು ರೈತನು ಶಪಿಸುತ್ತಾನೆ; ಮನೆ ಕಟ್ಟುವವನು ಗಾಡಿ ಹೂಡಿಕೊಂಡು ಹೋಗಿ ತರುತ್ತಾನೆ. ಕಾರಣ ಸರಳವಾದುದು. ಚೌಳು ಮಣ್ಣಿನಲ್ಲಿ ಸೋಡಿಯಂ ಲವಣಗಳು ಹೆಚ್ಚು. ನೀರು ತಾಕಿದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚದುರಿ, ಮಣ್ಣಿನ ಸಂದುಗಳನ್ನು ತಾವೇ ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದು. ಹೊಲದಲ್ಲಿ ಬೇರಿಗೆ ಉಸಿರು ಕಟ್ಟಿಸುವ ಗುಣವೇ ಮಾಳಿಗೆಯ ಮೇಲೆ ಸೋರಿಕೆಯನ್ನು ತಡೆಯುವ ಗುಣವಾಯಿತು. ರೋಹಿಣಿ ಮಳೆಗೆ ಮುನ್ನ ಹೊಸ ಚೌಳನ್ನು ಹರಡಿ, ನೀರು ಚಿಮುಕಿಸಿ, ಮನೆಮಂದಿಯೆಲ್ಲ ಸೇರಿ ತುಳಿದು ಗಟ್ಟಿಗೊಳಿಸುವುದು ವಾರ್ಷಿಕ ಕಾರ್ಯವಾಗಿತ್ತು. ಮಕ್ಕಳ ಪಾಲಿಗೆ ಅದು ಕೆಲಸವೆನಿಸಿಕೊಂಡ ಆಟ.

ಈ ಮಾಳಿಗೆಯ ಉಪಕಾರ ಎರಡು ವಿಧದ್ದು. ದಪ್ಪ ಮಣ್ಣು ಬಿಸಿಲನ್ನು ಒಮ್ಮೆಲೇ ಒಳಗೆ ಬಿಡುವುದಿಲ್ಲ. ಮಧ್ಯಾಹ್ನದ ಕಾವು ಕೆಳಗಿನ ಪಡಸಾಲೆಯನ್ನು ಮುಟ್ಟುವ ವೇಳೆಗೆ ಸಂಜೆಯಾಗಿರುತ್ತದೆ. ಹೀಗೆ ತಡವಾಗಿ ಬರುವ ಕಾವಿಗೆ ಪರಿಹಾರವೂ ಅದೇ ಮಾಳಿಗೆಯ ಮೇಲಿದೆ. ಸೂರ್ಯಾಸ್ತವಾದ ಮೇಲೆ, ಒಣಗಾಳಿಯ ಶುಭ್ರ ಆಕಾಶದ ಕೆಳಗೆ, ಮಾಳಿಗೆಯ ಮೇಲ್ಮೈ ತನ್ನ ಕಾವನ್ನು ವೇಗವಾಗಿ ಕಳೆದುಕೊಳ್ಳುತ್ತದೆ. ಎರಡು ಕೊಡ ನೀರು ಚೆಲ್ಲಿದರೆ ಇನ್ನೂ ಬೇಗ. ಆಗ ಚಾಪೆ, ಕೌದಿ, ದಿಂಬುಗಳು ಏಣಿಯೇರುತ್ತವೆ. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿ ಬೆಳೆದವರಿಗೆ ಆಕಾಶವು ಶಾಲೆಯ ಭೂಪಟಕ್ಕಿಂತ ಮೊದಲು ಪರಿಚಿತವಾದುದು. ಏಳು ಋಷಿಗಳನ್ನು ಅಜ್ಜ ತೋರಿಸುವನು. ಪಕ್ಕದ ಮಾಳಿಗೆಯವರು ಅಲ್ಲಿಂದಲೇ ಮಾತಿಗೆ ಕೂಡುವರು. ಯಾರ ಮನೆಯ ಆಕಳು ಈಯಿತು, ಯಾರ ಮಗಳಿಗೆ ಸಂಬಂಧ ಗೊತ್ತಾಯಿತು ಎಂಬ ಸುದ್ದಿಗಳು ಬೀದಿಗಿಳಿಯದೆ ಮಾಳಿಗೆಯಿಂದ ಮಾಳಿಗೆಗೆ ದಾಟುವವು. ನಸುಕಿನ ನಾಲ್ಕರ ಸುಮಾರಿಗೆ ಬೀಸುವ ಒಂದು ತಣ್ಣನೆಯ ಸುಳಿಗಾಳಿಯುಂಟು. ಅದಕ್ಕಾಗಿಯೇ ಇಡೀ ದಿನದ ಬೆವರನ್ನು ಸಹಿಸಬಹುದೆಂದು ಈ ಸೀಮೆಯವರು ಹೇಳಿದರೆ ಅದನ್ನು ಅತಿಶಯೋಕ್ತಿಯೆಂದು ತಳ್ಳಿಹಾಕುವಂತಿಲ್ಲ.

ಮಣ್ಣಿನ ಗಡಿಗೆಯ ನೀರಿನದೂ ಇಂತಹದೇ ಪಾಠ. ಗಡಿಗೆಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನ ಕಾವನ್ನು ಕೊಂಡೊಯ್ಯುತ್ತದೆ ಎಂಬುದನ್ನು ವಿಜ್ಞಾನದ ಶಿಕ್ಷಕರು ಹೇಳಿಕೊಡುವರು. ಆದರೆ ಅದೇ ಗಡಿಗೆ, ಅದೇ ಮೂಲೆಯಲ್ಲಿ, ಆಷಾಢದ ಮೋಡದ ದಿನ ಅಷ್ಟು ತಂಪು ಕೊಡದು ಎಂಬುದನ್ನು ಮನೆಯ ಹೆಣ್ಣುಮಕ್ಕಳು ಪಠ್ಯಪುಸ್ತಕದ ನೆರವಿಲ್ಲದೆ ಬಲ್ಲರು. ಗಾಳಿ ಒಣಗಿದಷ್ಟೂ ಆವಿ ಹೆಚ್ಚು, ಆವಿ ಹೆಚ್ಚಿದಷ್ಟೂ ತಂಪು ಹೆಚ್ಚು. ಹೀಗಾಗಿ ಬಳ್ಳಾರಿಯ ಬಿಸಿಲು ಎಷ್ಟು ಕಡಿದಾದರೆ ಗಡಿಗೆಯ ನೀರು ಅಷ್ಟು ಹಿತ. ಕರಾವಳಿಯಿಂದ ಬಂದ ನೆಂಟರು ಈ ನೀರನ್ನು ಮೆಚ್ಚಿ, ಗಡಿಗೆಯನ್ನೇ ಕೊಂಡೊಯ್ದು, ತಮ್ಮೂರಿನ ತೇವದ ಹವೆಯಲ್ಲಿ ನಿರಾಶರಾದರೆ ತಪ್ಪು ಗಡಿಗೆಯದಲ್ಲ. ಶಿವರಾತ್ರಿಯ ಹೊತ್ತಿಗೆ ಹೊಸ ಗಡಿಗೆ ಕೊಳ್ಳುವುದು, ಬೆರಳಿನಿಂದ ಬಾರಿಸಿ ಅದರ ನಾದವನ್ನು ಪರೀಕ್ಷಿಸುವುದು, ಮರಳಿನ ಹಾಸಿನ ಮೇಲೆ ಅದನ್ನು ಕೂರಿಸಿ ಸುತ್ತ ಒದ್ದೆ ಬಟ್ಟೆ ಸುತ್ತುವುದು, ಇವು ಬೇಸಿಗೆಗೆ ಮನೆ ಬರೆಯುವ ಮುನ್ನುಡಿ.

ಯುಗಾದಿ ಬರುವ ವೇಳೆಗೆ ಬೇವಿನ ಮರಗಳು ಹೂವಿನಿಂದ ತುಂಬಿರುತ್ತವೆ. ಬೇರೆ ಗಿಡಗಳೆಲ್ಲ ಬಾಡುವ ಹೊತ್ತಿನಲ್ಲಿ ಚಿಗುರುವ ಈ ಮರವು ಬಯಲುಸೀಮೆಗೆ ದೊರೆತ ದೊಡ್ಡ ಸಮಾಧಾನ. ಹಳೆಯ ಮೈಸೂರಿನಲ್ಲಿ ಬೇವು-ಬೆಲ್ಲವನ್ನು ಚಿಟಿಕೆಯಷ್ಟು ಕೈಗಿಡುವರಷ್ಟೆ. ಬಳ್ಳಾರಿ ಸೀಮೆಯಲ್ಲಿ ಬೇವನ್ನು ಕುಡಿಯುವರು. ಪುಟಾಣಿಯ ಹಿಟ್ಟು, ಬೆಲ್ಲ, ಮಾವಿನಕಾಯಿಯ ತುರಿ, ಒಂದಿಷ್ಟು ಬೇವಿನ ಹೂವು ಬೆರೆಸಿದ ಈ ಪಾನಕವನ್ನು ಹೊಸ ಗಡಿಗೆಯಲ್ಲಿ ತಂಪಾಗಿಸಿ ಓಣಿಗೆಲ್ಲ ಹಂಚುವರು. ಪಕ್ಕದ ತೆಲುಗು ಮನೆಯಿಂದ ಹುಣಸೆಯ ಹುಳಿಯುಳ್ಳ ಪಚ್ಚಡಿಯ ಬಟ್ಟಲು ಬರುವುದು. ಈ ಮನೆಯ ಬೇವಿನ ಲೋಟ ಆ ಮನೆಗೆ ಹೋಗುವುದು. ಎರಡು ಭಾಷೆಗಳ ಗಡಿಯಲ್ಲಿ ಬಾಳುವವರಿಗೆ ಹಬ್ಬವೊಂದೇ, ರುಚಿ ಎರಡು ದೊರೆಯುವುದೊಂದು ಲಾಭ.

ಚೈತ್ರ-ವೈಶಾಖಗಳ ಬಿಸಿಲು ಅಡುಗೆಮನೆಯ ದೊಡ್ಡ ಆಳು. ಹುಣಸೆಹಣ್ಣು ಬಿಡಿಸಿ ಬೀಜ ತೆಗೆಯುವುದು, ಕೆಂಪು ಮೆಣಸಿನಕಾಯಿಯನ್ನು ಮಾಳಿಗೆಯ ತುಂಬ ಹರಡುವುದು, ಜೋಳದ ಸಂಡಿಗೆ, ಅಕ್ಕಿಯ ಸಂಡಿಗೆ, ಹಪ್ಪಳ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ, ಇವೆಲ್ಲ ಈ ಎರಡು ತಿಂಗಳಲ್ಲಿ ಮುಗಿಯಬೇಕು. ಶ್ಯಾವಿಗೆಯ ಕೆಲಸವಂತೂ ಒಂದು ಮನೆಯಿಂದ ಆಗತಕ್ಕದ್ದಲ್ಲ. ಓಣಿಯ ಐದಾರು ಮನೆಗಳ ಹೆಂಗಸರು ಸರದಿಯಂತೆ ಕೂಡಿ, ಗೋಧಿಹಿಟ್ಟಿನ ಕಣಕವನ್ನು ಮಣೆಯ ಮೇಲೆ ಹೊಸೆದು, ನೂಲಿನಂತೆ ಇಳಿಬಿಟ್ಟು, ಹಗ್ಗದ ಮೇಲೆ ಹರವುವರು. ಹಸಿ ಸಂಡಿಗೆಯ ಹಿಟ್ಟನ್ನು ಕದ್ದು ತಿನ್ನುವ ಸುಖಕ್ಕಾಗಿ ಮಕ್ಕಳು ಕಾಗೆ ಓಡಿಸುವ ಕಾಯಕವನ್ನು ಸಂತೋಷದಿಂದ ಒಪ್ಪಿಕೊಳ್ಳುವರು. ಅವರ ಕಾವಲಿನಲ್ಲಿ ಕಾಗೆಗಿಂತ ಹೆಚ್ಚು ನಷ್ಟವಾಗುವುದು ಎಲ್ಲ ತಾಯಂದಿರಿಗೂ ತಿಳಿದದ್ದೇ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಇಂತಹ ಗೃಹಸೌಖ್ಯದ ವರ್ಣನೆಗಳಲ್ಲಿ ಉಣ್ಣುವವರ ಸುಖವು ಬರುತ್ತದೆ, ಬೇಯಿಸಿದವರ ಸೊಂಟದ ನೋವು ಬಾರದು. ನಸುಕಿನಲ್ಲೆದ್ದು ಹಿಟ್ಟು ಕಾಯಿಸಿ, ಬಿಸಿಲೇರುವುದರೊಳಗೆ ಮಾಳಿಗೆಯ ಮೇಲೆ ಸಂಡಿಗೆಯಿಟ್ಟು ಬಂದು, ಮತ್ತೆ ರೊಟ್ಟಿಯ ಒಲೆಯ ಮುಂದೆ ಕುಳಿತ ಹೆಣ್ಣುಮಗಳಿಗೆ ವೈಶಾಖವು ಯಾವ ಬಗೆಯ ಋತುವೆಂದು ಯಾರೂ ಕೇಳಿದಂತಿಲ್ಲ. ಶ್ಯಾವಿಗೆಯ ಯಂತ್ರ ಬಂದುದಕ್ಕಾಗಿ, ಹಿಟ್ಟಿನ ಗಿರಣಿ ಬಂದುದಕ್ಕಾಗಿ, ಅಡುಗೆ ಅನಿಲ ಬಂದುದಕ್ಕಾಗಿ ಮರುಗುವವರು ಬಹುಮಟ್ಟಿಗೆ ಒಲೆಯ ಮುಂದೆ ಕೂಡದವರು. ಕೂಡಿ ಮಾಡಿದ ಕೆಲಸದ ನಗೆಯೂ ಹಾಡೂ ನಿಜ. ಆ ನಗೆಗೆ ತೆತ್ತ ಬೆಲೆಯೂ ನಿಜ. ಮನೆಯಲ್ಲಿ ಸಂತಸವನ್ನು ಅರಸುವವರು ಅದನ್ನು ಸಿದ್ಧಪಡಿಸುವ ಕೈಗಳು ಯಾರವು ಎಂಬುದನ್ನೂ ಅರಸುವುದು ನ್ಯಾಯ.

ಈ ಮಾತಿಗೆ ಇನ್ನೊಂದು ಮುಖವುಂಟು. ನಗರದಲ್ಲಿ ಮಣ್ಣಿನ ಮಾಳಿಗೆಗಳು ಇಂದು ವಿರಳವಾಗಿವೆ. ಅನುಕೂಲವಂತರದು ಕಾಂಕ್ರೀಟು, ಬಡವರದು ತಗಡು. ಜೀನ್ಸ್ ಉಡುಪಿನ ತಯಾರಿಕೆಗೆ ಬಳ್ಳಾರಿ ಹೆಸರಾದ ಮೇಲೆ ಎಷ್ಟೋ ಕುಟುಂಬಗಳು ಮನೆಯಲ್ಲಿಯೇ ಹೊಲಿಗೆಯ ಕೆಲಸ ಮಾಡುತ್ತ ಬಂದಿವೆ. ತಗಡಿನ ಕೆಳಗೆ, ದಪ್ಪ ಬಟ್ಟೆಯ ರಾಶಿಯ ನಡುವೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಹೊಲಿಗೆಯಂತ್ರ ತುಳಿಯುವವರಿಗೆ ಮಾಳಿಗೆಯ ಮೇಲಿನ ಏಳು ಋಷಿಗಳ ಕಥೆ ಹೇಳುವುದು ಔಚಿತ್ಯವಲ್ಲ. ಅವರಿಗೂ ಸಂಜೆಯೊಂದು ಬರುತ್ತದೆ. ಬೀದಿಗೆ ನೀರು ಚಿಮುಕಿಸಿ, ಬಾಗಿಲ ಮುಂದೆ ಮಂಚ ಹಾಕಿ, ತಳ್ಳುಗಾಡಿಯಿಂದ ತಂದ ಮಂಡಾಳು ಒಗ್ಗರಣೆಯನ್ನೂ ಮೆಣಸಿನಕಾಯಿ ಬಜ್ಜಿಯನ್ನೂ ಕಾಗದದ ಮೇಲೆ ಹಂಚಿ ತಿನ್ನುವ ಹೊತ್ತು ಅದು. ಬಿಸಿಲಿನ ಊರಿನಲ್ಲಿ ಖಾರದ ಬಜ್ಜಿಯೇಕೆಂದು ಹೊರಗಿನವರು ಬೆರಗಾಗುವರು. ಖಾರ ತಿಂದು ಬೆವರಿದ ಮೈಗೆ ಗಾಳಿ ತಾಗಿದಾಗಿನ ತಂಪನ್ನು ಅವರು ಅನುಭವಿಸಿಯೇ ಅರಿಯಬೇಕು.

ಮೊದಲ ಮಳೆಯ ಸಂಗತಿಗೆ ಬರಬಹುದು. ಭರಣಿ ಅಥವಾ ಕೃತ್ತಿಕೆಯಲ್ಲಿ, ಮಧ್ಯಾಹ್ನ ಮೂರರ ಮೇಲೆ, ಒಮ್ಮೆಲೇ ಧೂಳೆದ್ದು ಆಕಾಶ ಕಪ್ಪಾಗಿ ನಾಲ್ಕು ದಪ್ಪ ಹನಿ ಬೀಳುತ್ತವೆ. ಒಣಗಲು ಹಾಕಿದ್ದನ್ನು ತೆಗೆಯಲು ಮನೆಮಂದಿಯೆಲ್ಲ ಮಾಳಿಗೆಗೆ ಓಡುವರು. ಬೆಳಕಿಂಡಿಯ ಮೇಲೆ ಗಡಿಗೆಯನ್ನು ಬೋರಲು ಹಾಕುವರು. ಆ ಗಲಿಬಿಲಿಯ ನಡುವೆ ಏಳುವ ಮಣ್ಣಿನ ವಾಸನೆಗೆ ಕನ್ನಡದಲ್ಲಿ ಒಂದೇ ಪದವಿಲ್ಲ. ಬೇಕೆಂದೂ ಯಾರಿಗೂ ಅನಿಸಿದಂತಿಲ್ಲ. 1964ರಲ್ಲಿ ಆಸ್ಟ್ರೇಲಿಯದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ಇದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಒಣಹವೆಯ ದಿನಗಳಲ್ಲಿ ಕಲ್ಲು-ಮಣ್ಣುಗಳಲ್ಲಿ ಸೇರಿಕೊಂಡ ತೈಲಾಂಶವು ಮಳೆ ತಾಕಿದಾಗ ಬಿಡುಗಡೆಯಾಗುವುದೆಂದು ಅವರು ತೋರಿಸಿದರು. ಅದರೊಡನೆ ಮಣ್ಣಿನ ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯಾಸ್ಮಿನ್ ಎಂಬ ವಸ್ತುವೂ ಸೇರುತ್ತದೆ. ಉತ್ತರಪ್ರದೇಶದ ಕನ್ನೌಜಿನ ಅತ್ತರುಗಾರರು ಇದೇ ಪರಿಮಳವನ್ನು ಮಣ್ಣಿನಿಂದ ಭಟ್ಟಿಯಿಳಿಸಿ ಸೀಸೆಯಲ್ಲಿ ತುಂಬುವರು. ದೀರ್ಘಕಾಲ ಒಣಗಿದ ನೆಲದಿಂದಲೇ ಈ ವಾಸನೆ ಬಲವಾಗಿ ಏಳುವುದಾದ್ದರಿಂದ, ಈ ಒಂದು ವಿಷಯದಲ್ಲಿ ಬಳ್ಳಾರಿ ಸೀಮೆಯು ಮಲೆನಾಡಿಗಿಂತ ಶ್ರೀಮಂತವೆನ್ನಬೇಕು.

ಮಿರಗ ಕೂಡಿತೆಂದರೆ ಲೆಕ್ಕ ಬೇರೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ 13 ಅಥವಾ 14 ದಿನಗಳನ್ನು ಒಂದೊಂದು ಮಳೆಯೆಂದು ಗಣಿಸುವ ರೈತನ ಪಂಚಾಂಗವು ವರ್ಷವನ್ನು 27 ಭಾಗ ಮಾಡುತ್ತದೆ. ಜಪಾನಿನ ಹಳೆಯ ಪಂಚಾಂಗವು ಇದಕ್ಕೂ ಮುಂದೆ ಹೋಗಿ ವರ್ಷವನ್ನು ಸುಮಾರು ಐದೈದು ದಿನಗಳ 72 ಕಿರುಋತುಗಳಾಗಿ ವಿಂಗಡಿಸಿ, ಯಾವ ಹಕ್ಕಿ ಕೂಗಿತು, ಯಾವ ಹೂ ಅರಳಿತು ಎಂಬುದರಿಂದ ಅವುಗಳನ್ನು ಗುರುತಿಸುತ್ತದೆ. ಎರಡೇ ಕಾಲವೆಂಬ ಪರಿಹಾಸಕ್ಕೆ ಬಳ್ಳಾರಿಯ ಒಕ್ಕಲಿನ ಮನೆಯ ಉತ್ತರವೂ ಇದೇ ಬಗೆಯದು: ಎರಡಲ್ಲ, 27. ಶಾಲೆಯ ಮಕ್ಕಳಿಂದ 27 ಪುಟಗಳ ಒಂದು ಪುಸ್ತಕ ಮಾಡಿಸಿ, ಒಂದೊಂದು ಮಳೆಗೆ ಒಂದೊಂದು ಪುಟದಂತೆ, ಮನೆಯಲ್ಲಿ ಆ ಹದಿಮೂರು ದಿನ ಏನು ಅಡುಗೆಯಾಯಿತು, ಅಂಗಳದಲ್ಲಿ ಯಾವ ಗಿಡ ಚಿಗುರಿತು, ಗಾಳಿ ಯಾವ ದಿಕ್ಕಿನದು ಎಂದು ಬರೆಯಿಸಿದರೆ, ಭೂಗೋಳ, ವಿಜ್ಞಾನ, ಭಾಷೆ ಈ ಮೂರೂ ಪಾಠಗಳು ಒಟ್ಟಿಗೆ ನಡೆಯುವವು. ಖರ್ಚು ಒಂದು ಪೆನ್ಸಿಲಿನದು. ಅಜ್ಜಿ-ಅಜ್ಜಂದಿರ ನೆರವಿಲ್ಲದೆ ಈ ಪುಸ್ತಕವನ್ನು ತುಂಬಲಾಗದು. ಅದೂ ಒಂದು ಪ್ರಯೋಜನವೇ.

ಆಷಾಢದಲ್ಲಿ ಈ ಸೀಮೆಗೆ ಮಳೆಗಿಂತ ಗಾಳಿಯೇ ಹೆಚ್ಚು. ಸಿರುಗುಪ್ಪದ ಕಡೆಗೆ ಹರಿದು ತುಂಗಭದ್ರೆಯನ್ನು ಸೇರುವ ಹಗರಿಯ ಪಾತ್ರದಿಂದ ಈ ಗಾಳಿಯು ಮರಳನ್ನು ಎತ್ತಿ ದಂಡೆಯ ಹೊಲಗಳ ಮೇಲೆ ರಾಶಿ ಹಾಕುತ್ತ ಬಂದಿದೆ. ದಂಡೆಯ ಹಳ್ಳಿಗಳಲ್ಲಿ ಊಟದ ತಟ್ಟೆಯನ್ನು ಮುಚ್ಚಿಯೇ ಇಡಬೇಕು. ಹೊಲದಲ್ಲಿ ಕೆಲಸ ಕಡಿಮೆ, ಹೊರಗೆ ಕಣ್ಣಿಗೆ ಮಣ್ಣು. ಹೀಗಾಗಿ ಮನೆಯೊಳಗಿನ ಸುಖಕ್ಕೆ ಇದೇ ಸಮಯ. ವೈಶಾಖದಲ್ಲಿ ಒಣಗಿದ ಸಂಡಿಗೆಯ ಡಬ್ಬಿ ಈಗ ತೆರೆಯುತ್ತದೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಗುರೆಳ್ಳಿನ ಪುಡಿ, ಕರಿದ ಸಂಡಿಗೆ. ಬಾಗಿಲು ಬಡಿಯುವ ಗಾಳಿಯ ಸದ್ದಿನಲ್ಲಿ ಈ ಊಟಕ್ಕೆ ಇರುವ ರುಚಿ ಬೇರೆ ಕಾಲದಲ್ಲಿ ಇರದು. ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದ ಎರೆಮಣ್ಣಿನಿಂದ ಮಕ್ಕಳೇ ಮಾಡಿದ ಜೋಡೆತ್ತುಗಳು ಜಗಲಿಯೇರುವವು. ಒಂದರ ಕೋಡು ಮುರಿದಿದ್ದರೂ ಪೂಜೆಗೆ ಲೋಪವಿಲ್ಲ.

ಶ್ರಾವಣದ ನಾಗರ ಪಂಚಮಿಯನ್ನು ಕುರಿತು ಹೆಚ್ಚು ಬರೆಯಬೇಕಾಗಿಲ್ಲ. ತವರಿಗೆ ಬಂದ ಹೆಣ್ಣುಮಕ್ಕಳು, ತೊಲೆಗೋ ಬೇವಿನ ಕೊಂಬೆಗೋ ಕಟ್ಟಿದ ಜೋಕಾಲಿ, ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು. ಮಠಗಳ ಪ್ರಸಾದನಿಲಯಗಳಲ್ಲಿದ್ದು ಓದಿದ ಹಳೆಯ ವಿದ್ಯಾರ್ಥಿಗಳಿಗೆ ಪಂಚಮಿಯ ಮರುವಾರದ ಬುತ್ತಿಗಂಟುಗಳ ನೆನಪು ಮಾಡಿಕೊಟ್ಟರೆ ಸಾಕು. ಯಾವ ಊರಿನ ಉಂಡೆ ಗಟ್ಟಿ, ಯಾವ ಊರಿನದು ಮೆತ್ತಗೆ ಎಂಬ ವಿಮರ್ಶೆಯಲ್ಲಿ ಅವರು ತೋರುತ್ತಿದ್ದ ಶ್ರದ್ಧೆಯನ್ನು ವ್ಯಾಕರಣದಲ್ಲಿ ತೋರಿದ್ದರೆ ಶಿಕ್ಷಕರ ಆಯುಷ್ಯ ಹೆಚ್ಚುತ್ತಿತ್ತು.

ಸಿರುಗುಪ್ಪದ ಮನೆಗಳ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ನದಿಯ ದಡದ ಈ ಊರಿಗೆ ಕಾಲುವೆ ಹೊಸದಲ್ಲ. ಸಿರುಗುಪ್ಪ ಹಾಗೂ ದೇಶನೂರು ಕಾಲುವೆಗಳು ವಿಜಯನಗರದ ಅರಸರ ಕಾಲದಿಂದ ಬಂದವು. 1945ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಡಲಾಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿತು. ಕೆಳಮಟ್ಟದ ಕಾಲುವೆಯ ನೀರು ಹೊಲಗಳಿಗೆ ಹಬ್ಬಿದಂತೆ ಮನೆಯ ಋತುಗಳು ಬದಲಾದವು. ಹಿಂದೆ ಜೋಳದ ಮನೆಗೆ ಸುಗ್ಗಿಯೊಂದೇ. ಭತ್ತದ ಮನೆಗೆ ನೀರಿದ್ದ ವರ್ಷ ಸುಗ್ಗಿ ಎರಡು. ಹಬ್ಬಕ್ಕೆಂದು ಮಾತ್ರ ಬೇಯುತ್ತಿದ್ದ ಅನ್ನವು ನಿತ್ಯದ ಊಟವಾಯಿತು. ರೊಟ್ಟಿ ಬಡಿಯುವ ಸಪ್ಪಳ ಎಷ್ಟೋ ಮನೆಗಳಲ್ಲಿ ಕ್ಷೀಣಿಸಿತು. ಸಿರುಗುಪ್ಪದ ಸೋನಾ ಮಸೂರಿ ದೂರದ ಊರುಗಳ ಅಂಗಡಿಗಳಲ್ಲಿ ಹೆಸರು ಪಡೆಯಿತು. ಕೊಯ್ಲಿನ ದಿನಗಳಲ್ಲಿ ಗಿರಣಿಗಳಿಂದ ಏಳುವ ಹೊಸ ಅಕ್ಕಿಯ ವಾಸನೆ, ಹಸಿರು ಗದ್ದೆಯ ಮೇಲೆ ಸಾಲಾಗಿ ಇಳಿಯುವ ಬೆಳ್ಳಕ್ಕಿ, ರಾತ್ರಿಯಿಡೀ ಕಪ್ಪೆಗಳ ವಟವಟ, ಇವು ಹಿಂದಿನ ತಲೆಮಾರಿನ ಒಣಬೇಸಾಯದ ಮನೆಗಳಿಗೆ ಇಲ್ಲದಿದ್ದ ಸಂಪತ್ತು. ನೀರು ಹೆಚ್ಚಾಗಿ ನಿಂತ ಹೊಲಗಳಲ್ಲಿ ಚೌಳು ಮೇಲೆದ್ದುದೂ ಇದೇ ಕಾಲದ ಕಥೆ. ಒಂದು ಕಾಲಕ್ಕೆ ಮಾಳಿಗೆಗಾಗಿ ಗಾಡಿ ಹೂಡಿ ಹುಡುಕಿದ ಮಣ್ಣು ಈಗ ಬೇಡವೆಂದರೂ ಗದ್ದೆಯಲ್ಲಿ ತಾನಾಗಿ ಬರುತ್ತಿದೆ, ಹೊದೆಸಲು ಮಾಳಿಗೆಗಳಿಲ್ಲ.

ಹಿಂಗಾರಿ ಮಳೆ ಮುಗಿದ ಮೇಲೆ ಎರೆಭೂಮಿಗೆ ಅದರ ಸೊಬಗು ಬರುವುದು. ಉತ್ತರೆ-ಹಸ್ತದಲ್ಲಿ ಬಿತ್ತಿದ ಜೋಳ, ಕಡಲೆ, ಕುಸುಬೆಗಳು ಮಳೆಯ ಹಂಗಿಲ್ಲದೆ ನೆಲದ ಹಸಿಯಲ್ಲಿಯೇ ಬೆಳೆಯುವವು. ಇತ್ತ ಮನೆಯಲ್ಲಿ ಬನ್ನಿ ಹಂಚುವ ಮಹಾನವಮಿ, ದೀಪಾವಳಿ, ಅದಾದ ಮೇಲೆ ಗೌರಿ ಹುಣ್ಣಿಮೆ. ಈ ಹುಣ್ಣಿಮೆಯ ಸಕ್ಕರೆ ಆರತಿಯು ಬಳ್ಳಾರಿ-ಕೊಪ್ಪಳ-ರಾಯಚೂರು ಭಾಗದ ವಿಶೇಷ. ಸಕ್ಕರೆಯ ಪಾಕವನ್ನು ಕಟ್ಟಿಗೆಯ ಅಚ್ಚುಗಳಿಗೆ ಹೊಯ್ದು ಆನೆ, ಗಿಳಿ, ಗೋಪುರಗಳನ್ನು ಮಾಡುವರು. ನಿಶ್ಚಯವಾದ ಹೆಣ್ಣಿಗೆ ಭಾವೀ ಅತ್ತೆಯ ಮನೆಯಿಂದ ಸೀರೆಯೊಡನೆ ಸಕ್ಕರೆ ಗೊಂಬೆಗಳೂ ಬರುವವು. ಸಂಜೆ ಹೊಸ ಬಟ್ಟೆಯುಟ್ಟ ಹೆಣ್ಣುಮಕ್ಕಳು ಆರತಿ ಹಿಡಿದು ಗುಡಿಗೆ ಹೊರಟಾಗ, ಅವರ ತಮ್ಮಂದಿರ ದೃಷ್ಟಿ ದೇವರ ಮೇಲಿರುವುದಿಲ್ಲ, ತಟ್ಟೆಯ ಆನೆಯ ಮೇಲಿರುತ್ತದೆ. ಮರುದಿನ ಆ ಆನೆ ಚಹಾದಲ್ಲಿ ಕರಗುವುದು.

ಚಳಿಗಾಲವು ಇಲ್ಲಿ ಅತಿಥಿ. ರಾತ್ರಿಯ ಉಷ್ಣ 20 ಡಿಗ್ರಿಗಿಂತ ಕೆಳಗಿಳಿದರೆ ಬಳ್ಳಾರಿಯವರು ತಲೆಗೆ ಮಫ್ಲರು ಸುತ್ತುವರು. ಹಳೆಯ ಸೀರೆ-ಧೋತರಗಳ ತುಂಡುಗಳನ್ನು ಜೋಡಿಸಿ ಅಜ್ಜಿಯರು ಬೇಸಿಗೆಯಲ್ಲಿ ಹೊಲಿದ ಕೌದಿ ಈಗ ಪೆಟ್ಟಿಗೆಯಿಂದ ಹೊರಬರುತ್ತದೆ. ಕೌದಿಯ ಯಾವ ಚೌಕ ಯಾರ ಸೀರೆಯದೆಂದು ಬೆರಳಿಟ್ಟು ಕೇಳುತ್ತ ಮಕ್ಕಳು ನಿದ್ದೆಹೋಗುವರು. ಹೊಲದಿಂದ ಹಸಿ ಕಡಲೆಯ ಗಿಡ, ಹಾಲುಗಾಳಿನ ಜೋಳದ ತೆನೆ ಬರುವವು. ತೆನೆಯನ್ನು ಕೆಂಡದಲ್ಲಿ ಸುಟ್ಟು ಕಂಬಳಿಯ ಮೇಲೆ ತಿಕ್ಕಿ ಉದುರಿಸಿದ ಸೀತನಿಗೆ ಶೇಂಗಾ ಚಟ್ನಿ, ಬೆಲ್ಲ ಕೂಡಿದರೆ ಅದೊಂದು ಊಟವೇ. ಕಡಲೆಯ ಗಿಡಗಳ ಮೇಲೆ ರಾತ್ರಿ ತೆಳು ಬಟ್ಟೆ ಹಾಸಿ, ಇಬ್ಬನಿಯೊಡನೆ ಗಿಡದ ಹುಳಿಯನ್ನು ಅದು ಹೀರಿಕೊಂಡ ಮೇಲೆ ನಸುಕಿನಲ್ಲಿ ಹಿಂಡಿ ಸೀಸೆ ತುಂಬಿಸಿ, ಮಕ್ಕಳ ಹೊಟ್ಟೆನೋವಿಗೆಂದು ವರ್ಷವಿಡೀ ಕಾದಿಡುವ ಮನೆಗಳು ಹಿಂದೆ ಅನೇಕವಿದ್ದವು.

ಫಾಲ್ಗುಣ ಬಂದರೆ ಕುರುಗೋಡಿನ ಸರದಿ. ಹನ್ನೆರಡನೆಯ ಶತಮಾನದಲ್ಲಿ ಸಿಂದರು ಆಳಿದ ಈ ಊರಿನಲ್ಲಿ ಬಂಡೆಗಳ ನಡುವೆ ಹಳೆಯ ಗುಡಿಗಳು ಅನೇಕ. ಏಕಶಿಲೆಯ ಬೃಹತ್ ನಂದಿಯಾದ ದೊಡ್ಡಬಸವೇಶ್ವರನ ತೇರಿಗೆ ಸುತ್ತಲಿನ ಊರುಗಳಿಂದ ಜನ ನೆರೆಯುವರು. ಜಾತ್ರೆಯ ಸಂಭ್ರಮವನ್ನು ಎಲ್ಲರೂ ಬಲ್ಲರು; ಜಾತ್ರೆಯ ಊರಿನ ಮನೆಯೊಳಗಿನ ಸಂಭ್ರಮವನ್ನು ಬಲ್ಲವರು ಕಡಿಮೆ. ಎಂಟು ದಿನ ಮೊದಲೇ ಗೋಡೆಗೆ ಸುಣ್ಣ, ನೆಲಕ್ಕೆ ಸಾರಣೆ. ತೇರಿನ ದಿನ ಯಾರು ಬರುವರು, ಎಷ್ಟು ಜನ ಬರುವರು ಎಂಬುದು ಯಾರಿಗೂ ತಿಳಿಯದು, ಹೋಳಿಗೆಯನ್ನು ಮಾತ್ರ ಲೆಕ್ಕವಿಲ್ಲದೆ ಮಾಡಿರಬೇಕು. ಮೂರು ವರ್ಷದಿಂದ ಮಾತು ಬಿಟ್ಟಿದ್ದ ದಾಯಾದಿಯೂ ಆ ದಿನ "ಏನವ್ವಾ, ಆರಾಮ ಇದ್ದೀರೇನು?" ಎನ್ನುತ್ತ ಪಡಸಾಲೆಯಲ್ಲಿ ಕುಳಿತರೆ ಎಲೆ ಹಾಕದೆ ಇರಲಾಗದು. ನೆಂಟರು ಹೊರಟ ಮೇಲೆ ಉಳಿಯುವ ಬೆಂಡು-ಬತ್ತಾಸುಗಳ ಪೊಟ್ಟಣ, ದಣಿದ ಮನೆಯ ಮೌನ, ಜಾತ್ರೆಯ ಮರುದಿನದ ಈ ಸುಖವನ್ನು ಅನುಭವಿಸಿದವರೇ ಬಲ್ಲರು.

ಇಷ್ಟೆಲ್ಲ ಸುಖಗಳ ಪಟ್ಟಿಯಲ್ಲಿ ಬರಗಾಲವನ್ನು ಮರೆತರೆ ಈ ಸೀಮೆಗೆ ಅಪಚಾರವಾದೀತು. 1876ರಿಂದ 1878ರವರೆಗಿನ ಬರವು, ಧಾತು ಸಂವತ್ಸರದ ಬರವೆಂದು ಹಿರಿಯರು ಕರೆದದ್ದು, ಬಳ್ಳಾರಿ ಜಿಲ್ಲೆಯನ್ನು ತೀವ್ರವಾಗಿ ಬಡಿಯಿತು. 1871 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಹೆಚ್ಚುವುದಿರಲಿ, ಕುಗ್ಗಿಹೋಗಿತ್ತು. ಒಂದು ಋತುವಿನಲ್ಲಿ ಇನ್ನೊಂದು ಋತುವಿಗಾಗಿ ಕೂಡಿಡುವ ಪದ್ಧತಿಯ ಹಿಂದೆ ರುಚಿಯ ಹಂಬಲದಷ್ಟೇ ಹಸಿವಿನ ಭಯವೂ ಇದೆ. ಒಳ್ಳೆಯ ವರ್ಷದ ಜೋಳವನ್ನು ಹಗೇವಿನಲ್ಲಿ ಹೂತು, ಬಾಯಿಗೆ ಮಣ್ಣು ಮೆತ್ತಿ, ಕೆಟ್ಟ ವರ್ಷಕ್ಕೆ ಕಾಯುವ ಮನೆಗಳಲ್ಲಿ ಸಂಡಿಗೆಯ ಡಬ್ಬಿಯೂ ಅದೇ ಬುದ್ಧಿಯ ಚಿಕ್ಕ ರೂಪ. ಹಗೇವು ತುಂಬಿದ್ದರೆ ಜೋಕಾಲಿ ಎತ್ತರಕ್ಕೆ ಹೋಗುವುದು. ಎರಡು ವರ್ಷ ಮೇಲಿಂದ ಮೇಲೆ ಮಳೆ ಕೈಕೊಟ್ಟಾಗ ಹಗೇವೂ ಬರಿದಾಯಿತು. ಆಗ ಮಾಳಿಗೆಯ ಮೇಲೆ ಒಣಗಿಸಲು ಏನೂ ಇರಲಿಲ್ಲ.

ಕಾಲುವೆಯ ಕಾಲದಲ್ಲಿಯೂ ಈ ಅಳುಕು ಪೂರ್ತಿ ಹೋಗಿಲ್ಲವೆಂಬುದಕ್ಕೆ 2024ರ ಆಗಸ್ಟ್ ಸಾಕ್ಷಿ. ಆ ತಿಂಗಳ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯವು ತುಂಬಿ ನಿಂತ ಸಮಯವದು, ನಾಟಿ ನಡೆದಿತ್ತು. ಕೆಲವು ದಿನಗಳವರೆಗೆ ಸಿರುಗುಪ್ಪ, ಕುರುಗೋಡುಗಳ ಮನೆಗಳಲ್ಲಿ ದೂರವಾಣಿ, ದೂರದರ್ಶನಗಳ ಮುಂದೆ ಇದೊಂದೇ ಮಾತು. ಒಂದು ಗೇಟಿನ ಸಂದಿಯಿಂದ ಹರಿದುಹೋಗುತ್ತಿದ್ದುದು ಬರಿಯ ನೀರಲ್ಲವೆಂಬುದು ಅಡುಗೆಮನೆಯವರಿಗೂ ತಿಳಿದಿತ್ತು. ಒಂದು ವಾರದೊಳಗೆ, ಹರಿಯುವ ನೀರಿನ ನಡುವೆಯೇ, ತಾತ್ಕಾಲಿಕ ಗೇಟಿನ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಹರಿವನ್ನು ತಡೆಯಲಾಯಿತು. ಮುಂದಿನ ಮಳೆಗಳಿಗೆ ಜಲಾಶಯವು ಮತ್ತೆ ತುಂಬಿತು. ಮಘೆ ಕಳೆದು ಹುಬ್ಬೆ ಹಿಡಿದ ದಿನಗಳಲ್ಲಿ, ಗದ್ದೆಗೆ ಹೋಗಿ ಬಂದವರು ಬಾಗಿಲಲ್ಲಿ ಕಾಲು ತೊಳೆಯುತ್ತ "ಕಾಲುವಿ ತುಂಬಿ ಹರಿಯಾಕತ್ತೈತಿ" ಎಂದರೆ, ಒಳಗಿನಿಂದ ಯಾರೋ ಒಲೆಯ ಮೇಲೆ ಎಣ್ಣೆಯಿಟ್ಟು ಸಂಡಿಗೆಯ ಡಬ್ಬಿಯನ್ನು ಕೆಳಗಿಳಿಸುತ್ತಿದ್ದರು.